ಅಪ್ಪನಿಗಿರುವುದು ಅಲ್ಝೈಮರ್ ಹೌದೋ ಅಲ್ಲವೋ, ಸ್ಕ್ಯಾನ್ ಹೇಳಬಲ್ಲದೇ?

ಪ್ರಶ್ನೆ:
ಅಪ್ಪನಿಗೆ 71 ವರ್ಷ. ಸಂಜೆಯಾದರೆ ಕೋಣೆಯ ಮೂಲೆಯಲ್ಲಿ ಇಬ್ಬರು ಮಕ್ಕಳು ಕುಳಿತಿದ್ದಾರೆ ಎನ್ನುತ್ತಾರೆ. ಹೆದರುವುದಿಲ್ಲ, ಅವರಿಗೂ ಊಟ ಹಾಕು ಎನ್ನುತ್ತಾರೆ. ಒಂದು ದಿನ ಮನೆಯ ಲೆಕ್ಕವನ್ನೆಲ್ಲ ತಪ್ಪಿಲ್ಲದೆ ಬರೆಯುವವರು ಮರುದಿನ ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಾರೆ. ಎಂಆರ್‌ಐ ವರದಿಯಲ್ಲಿ ‘ಮಿದುಳು ಸ್ವಲ್ಪ ಕುಗ್ಗಿದೆ’ ಎಂದಷ್ಟೇ ಇದೆ. ಅದನ್ನು ನೋಡಿ ವೈದ್ಯರು ಅಲ್ಝೈಮರ್ ಎಂದರು. ಹೆಸರುಗಳನ್ನು ಒಂದೂ ಮರೆಯದ ಅಪ್ಪನಿಗೆ ಇದೇ ಕಾಯಿಲೆ ಎಂದು ನನಗೆ ಒಪ್ಪಲಾಗುತ್ತಿಲ್ಲ. ಪೆಟ್ ಸ್ಕ್ಯಾನ್ ಮಾಡಿಸಿದರೆ ಖಚಿತವಾಗುತ್ತದೆಯೇ?

ಉತ್ತರ 1:
ಹದಿನಾರು ವರ್ಷಗಳಿಂದ ಮಿದುಳಿನ ಸ್ಕ್ಯಾನ್‌ಗಳನ್ನು ಓದುವುದೇ ನನ್ನ ಕೆಲಸ. ನಿಮ್ಮ ಅನುಮಾನ ನ್ಯಾಯವಾದದ್ದು. ಗಡ್ಡೆ, ರಕ್ತಸ್ರಾವ, ಪಾರ್ಶ್ವವಾಯುವಿನ ಗುರುತು ಇದೆಯೇ ಎಂದು ನೋಡುವುದು ಎಂಆರ್‌ಐಯ ಮೊದಲ ಕೆಲಸ. ನೆನಪುಗಳನ್ನು ರೂಪಿಸುವ ಭಾಗವಾದ ಹಿಪ್ಪೊಕ್ಯಾಂಪಸ್ ಸೊರಗಿದ್ದರೆ ಅಲ್ಝೈಮರ್ ಇರಬಹುದು ಎನ್ನುತ್ತೇವೆ, ಆದರೆ ಬೇರೆ ಡಿಮೆನ್ಷಿಯಾಗಳಲ್ಲೂ, ಬರಿಯ ವಯಸ್ಸಿನಿಂದಲೂ ಅದು ಸೊರಗುತ್ತದೆ.

ಪೆಟ್ ಎಂದರೆ ಅತ್ಯಲ್ಪ ವಿಕಿರಣ ಸೂಸುವ ವಸ್ತುವನ್ನು ರಕ್ತಕ್ಕೆ ಸೇರಿಸಿ ತೆಗೆಯುವ ಚಿತ್ರ. ಅದು ಒಂದೇ ಬಗೆಯದಲ್ಲ. ಗ್ಲುಕೋಸ್ ಪೆಟ್‌ನಲ್ಲಿ ಮಿದುಳಿನ ಯಾವ ಭಾಗ ಸಕ್ಕರೆಯನ್ನು ಕಡಿಮೆ ಬಳಸಿ ಮಂಕಾಗಿದೆ ಎಂಬುದು ಕಾಣುತ್ತದೆ: ಅಲ್ಝೈಮರ್‌ನಲ್ಲಿ ಪಕ್ಕ ಮತ್ತು ಮೇಲ್ಭಾಗ, ಲೆವಿ ಬಾಡಿ ಡಿಮೆನ್ಷಿಯಾದಲ್ಲಿ (ನರಕೋಶಗಳಲ್ಲಿ ಬೇರೊಂದು ಪ್ರೋಟೀನ್ ಗಂಟು ಕಟ್ಟುವ ಕಾಯಿಲೆ) ದೃಷ್ಟಿಗೆ ಸಂಬಂಧಿಸಿದ ಹಿಂಭಾಗವೂ. 2001ರ ಒಂದು ಅಧ್ಯಯನವು ಶವಪರೀಕ್ಷೆಯೊಂದಿಗೆ ಹೋಲಿಸಿ ನೋಡಿತು. ಅಲ್ಝೈಮರ್ ಇದ್ದವರಲ್ಲಿ ನೂರಕ್ಕೆ 94 ಮಂದಿಯನ್ನು ಸ್ಕ್ಯಾನ್ ಗುರುತಿಸಿತ್ತು. ಇಲ್ಲದವರಲ್ಲಿ 73 ಮಂದಿಯನ್ನು ಮಾತ್ರ ‘ಇಲ್ಲ’ ಎಂದಿತ್ತು. ಉಳಿದವರಿಗೆ ಇಲ್ಲದ ಕಾಯಿಲೆಯ ಹೆಸರು ಅಂಟಿತು.

ಅಲ್ಝೈಮರ್‌ನಲ್ಲಿ ಮಿದುಳಿನಲ್ಲಿ ಶೇಖರವಾಗುವ ಪ್ರೋಟೀನ್ ಅಮೈಲಾಯ್ಡ್. ಅಮೈಲಾಯ್ಡ್ ಪೆಟ್ ಆ ಪ್ರೋಟೀನ್ ಇದೆಯೋ ಇಲ್ಲವೋ ಎಂಬುದನ್ನು ಬಹಳ ಚೆನ್ನಾಗಿ ಹೇಳುತ್ತದೆ. ಆದರೆ ಪ್ರೋಟೀನ್ ಇದ್ದ ಮಾತ್ರಕ್ಕೆ ನಿಮ್ಮ ಅಪ್ಪನ ತೊಂದರೆಗೆ ಅದೇ ಕಾರಣ ಎನ್ನಲಾಗದು. ಎಪ್ಪತ್ತರ ಆಸುಪಾಸಿನಲ್ಲಿ ಮರೆವೇ ಇಲ್ಲದವರಲ್ಲೂ ಸುಮಾರು ಐವರಲ್ಲಿ ಒಬ್ಬರಿಗೆ ಅದು ಸಿಗುತ್ತದೆ. ಲೆವಿ ಬಾಡಿ ರೋಗಿಗಳಲ್ಲೂ ಅನೇಕರಲ್ಲಿರುತ್ತದೆ. ಫಲಿತಾಂಶ ‘ಇಲ್ಲ’ ಎಂದು ಬಂದರೆ ಅದರ ತೂಕ ಹೆಚ್ಚು: ಅಲ್ಝೈಮರ್ ಸಾಧ್ಯತೆ ತೀರಾ ಕಡಿಮೆಯಾಗುತ್ತದೆ.

ಇಲ್ಲದವರು ಕಾಣುವುದು, ದಿನದಿಂದ ದಿನಕ್ಕೆ ಏರಿಳಿತ: ನೀವು ಬರೆದ ಈ ಲಕ್ಷಣಗಳು ಲೆವಿ ಬಾಡಿಯತ್ತ ಬೊಟ್ಟು ಮಾಡುತ್ತವೆ. ನಾನಾದರೆ ಡೋಪಮೈನ್ ಸ್ಕ್ಯಾನ್ (ಮಿದುಳಿನ ಡೋಪಮೈನ್ ನರತುದಿಗಳನ್ನು ತೋರಿಸುವ ಚಿತ್ರ) ಬಗ್ಗೆ ಕೇಳುತ್ತಿದ್ದೆ. ಅಲ್ಝೈಮರ್‌ನಲ್ಲಿ ಅದು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಲೆವಿ ಬಾಡಿಯಲ್ಲಿ ಕುಂದುತ್ತದೆ. 2007ರ ಅಧ್ಯಯನವೊಂದರಲ್ಲಿ ಲೆವಿ ಬಾಡಿ ಇದ್ದವರಲ್ಲಿ ನೂರಕ್ಕೆ 78 ಮಂದಿಯಲ್ಲಿ ಅದು ಕುಂದಿತ್ತು. ಇಲ್ಲದವರಲ್ಲಿ 90 ಮಂದಿಯಲ್ಲಿ ಸರಿಯಾಗಿತ್ತು. ಅಂದರೆ ಸರಿಯಾಗಿ ಕಂಡರೂ ಕಾಯಿಲೆ ಇಲ್ಲವೆನ್ನಲಾಗದು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಭ್ರಮೆಗೆಂದು ಹ್ಯಾಲೊಪೆರಿಡಾಲ್‌ನಂಥ ಮಾತ್ರೆ ಕೊಡುವ ಮೊದಲು ಲೆವಿ ಬಾಡಿಯ ಅನುಮಾನವನ್ನು ವೈದ್ಯರಿಗೆ ತಿಳಿಸಿ. ಈ ರೋಗಿಗಳಿಗೆ ಅಂಥ ಔಷಧಿ ಅಪಾಯ ತರಬಹುದು. ಇನ್ನೊಂದು, ಅವರು ನಿದ್ದೆಯಲ್ಲಿ ಕೂಗುವುದು, ಕೈಕಾಲು ಬೀಸುವುದು ಇದೆಯೇ? ಅದೂ ಲೆವಿ ಬಾಡಿಯ ಸುಳಿವು.

ಉತ್ತರ 2:
ನನ್ನ ಅಮ್ಮನಿಗೆ 58ರಲ್ಲಿ ಸ್ವಭಾವವೇ ಬದಲಾಯಿತು. ಎರಡು ವರ್ಷ ಖಿನ್ನತೆಗೆ ಚಿಕಿತ್ಸೆ ನಡೆಯಿತು. ಗ್ಲುಕೋಸ್ ಪೆಟ್‌ನಲ್ಲಿ ಮಿದುಳಿನ ಮುಂಭಾಗ ಮಂಕಾಗಿರುವುದು ಕಂಡ ಮೇಲೆ ಫ್ರಂಟೊಟೆಂಪೊರಲ್ ಡಿಮೆನ್ಷಿಯಾ (ಮಿದುಳಿನ ಮುಂಭಾಗ ಮತ್ತು ಪಕ್ಕಗಳನ್ನು ಕೆಡಿಸುವ ಕಾಯಿಲೆ) ಎಂದರು. ಆದರೂ ಚಿತ್ರಕ್ಕಿಂತ ಹೆಚ್ಚಾಗಿ ವೈದ್ಯರಿಗೆ ದಾರಿ ತೋರಿಸಿದ್ದು ಅಕ್ಕ ದಿನವೂ ಬರೆದಿಟ್ಟ ನೋಟ್‌ಬುಕ್. ನೀವೂ ಅಪ್ಪನ ಒಳ್ಳೆಯ ದಿನ, ಕೆಟ್ಟ ದಿನಗಳನ್ನು ಬರೆದಿಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ವರದಿಯನ್ನು ಮತ್ತೆ ಓದಿದೆ, ಹಿಪ್ಪೊಕ್ಯಾಂಪಸ್ ಬಗ್ಗೆ ಒಂದು ಪದವೂ ಇಲ್ಲ. ನಿದ್ದೆಯ ವಿಷಯ ಅಮ್ಮನನ್ನು ಕೇಳಿದೆ. ಆರು ವರ್ಷಗಳಿಂದ ರಾತ್ರಿ ಕೂಗಿ ಕೈ ಬೀಸುತ್ತಾರಂತೆ. ಅದಕ್ಕೇ ತಾನು ಬೇರೆ ಮಂಚದಲ್ಲಿ ಮಲಗುವುದು ಎಂದರು. ಇದನ್ನು ಯಾವ ವೈದ್ಯರೂ ಅಮ್ಮನನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.