ಗರ್ಭಕೋಶ ಎರಡು ಕೊಂಬಿನ ಹಾಗಿದೆ ಅಂದರು, ಈಗ 12 ವಾರ. ಯಾರಿಗಾದರೂ ಅನುಭವ ಇದೆಯಾ?

ಹಾಸನದವಳು:
ಎಲ್ಲರಿಗೂ ನಮಸ್ಕಾರ. ಮೊನ್ನೆ ಸ್ಕ್ಯಾನಿಂಗ್ ಆಯ್ತು. ಮಗು ಚೆನ್ನಾಗಿದೆ, ಕೈ ಆಡಿಸುತ್ತಿದ್ದದ್ದನ್ನು ನಾನೇ ನೋಡಿದೆ. ಆದರೆ ರಿಪೋರ್ಟಿನ ಕೊನೇ ಸಾಲಿನಲ್ಲಿ ‘ಬೈಕಾರ್ನುಯೇಟ್ ಯೂಟರಸ್’ ಅಂತ ಬರೆದಿದ್ದಾರೆ. ಡಾಕ್ಟರ್ ಹಾಳೆಯ ಹಿಂದೆ ಪೆನ್ನಿನಲ್ಲಿ ಚಿತ್ರ ಬಿಡಿಸಿ, ಮೇಲ್ಗಡೆ ನಡುವೆ ತಗ್ಗಿದೆ, ಮಗು ಬಲಗಡೆ ಕೂತಿದೆ ಅಂದರು. ಹೊರಗೆ ಅಷ್ಟೊಂದು ಜನ ಕಾಯುತ್ತಿದ್ದರು, ಹೆಚ್ಚು ಕೇಳೋಕೆ ಆಗಲಿಲ್ಲ. ಹೋದ ವರ್ಷ 9ನೇ ವಾರದಲ್ಲಿ ಅಬಾರ್ಷನ್ ಆಗಿತ್ತು. ಅದಕ್ಕೂ ಇದೇ ಕಾರಣನಾ? ನಾನು ಸ್ಕೂಟರ್ ಓಡಿಸಿದ್ದಕ್ಕೇ ಹಾಗಾಯ್ತು ಅಂತ ಅತ್ತೆ ಇವತ್ತಿಗೂ ಹೇಳುತ್ತಾರೆ. ಈ ಮಗು ಉಳಿಯುತ್ತಾ?

ಹೆರಿಗೆ ವಾರ್ಡ್ ಸಿಸ್ಟರ್:
ಮೊದಲು ಸ್ಕೂಟರ್ ವಿಷಯ ಮನಸ್ಸಿಂದ ತೆಗೆದುಹಾಕಿ. ನೀವು ನಿಮ್ಮ ಅಮ್ಮನ ಹೊಟ್ಟೆಯಲ್ಲಿದ್ದಾಗಲೇ ಇದು ಹೀಗಾಗಿದೆ. ಎರಡು ಕೊಳವೆ ಬಂದು ಕೂಡಿಕೊಂಡರೆ ಗರ್ಭಕೋಶ ಆಗುತ್ತದೆ. ಮೇಲೆ ಪೂರ್ತಿ ಕೂಡದಿದ್ದರೆ ಎರಡು ಕೊಂಬು. ಕೂಡಿಯೂ ನಡುವಿನ ಗೋಡೆ ಕರಗದೆ ಉಳಿದರೆ ಅದು ಸೆಪ್ಟೇಟ್. ಸಾದಾ ಸ್ಕ್ಯಾನಿಂಗ್‌ನಲ್ಲಿ ಎರಡಕ್ಕೂ ಗೊಂದಲ ಆಗುವುದುಂಟು, 3ಡಿ ಸ್ಕ್ಯಾನ್ ಇಲ್ಲಾ ಎಂಆರ್‌ಐನಲ್ಲಿ ಸ್ಪಷ್ಟವಾಗುತ್ತದೆ. ಗೋಡೆ ಇದ್ದವರಿಗೆ ಅಬಾರ್ಷನ್ ಜಾಸ್ತಿ. ಆದರೆ ಮೊದಲ ಮೂರು ತಿಂಗಳಲ್ಲಿ ಹೋಗುವುದು ಹೆಚ್ಚಾಗಿ ಕ್ರೋಮೋಸೋಮ್ ಸಮಸ್ಯೆಯಿಂದ, ಆದ್ದರಿಂದ ಹೋದ ಸಲದ್ದಕ್ಕೆ ಇದೇ ಕಾರಣ ಅಂತ ಹೇಳೋಕಾಗಲ್ಲ.

ಮುಂದಿನ ಸಲ ಗರ್ಭಕೋಶದ ಬಾಯಿಯ ಉದ್ದ ಅಳೆಯುತ್ತೀರಾ ಅಂತ ಕೇಳಿ. 16ರಿಂದ 24ನೇ ವಾರದೊಳಗೆ ಒಳಗಿನಿಂದ ಸ್ಕ್ಯಾನ್ ಮಾಡಿ ನೋಡುತ್ತಾರೆ. 25 ಮಿ.ಮೀ.ಗಿಂತ ಕಡಿಮೆ ಇದ್ದರೆ ಪ್ರೊಜೆಸ್ಟರಾನ್ ಹಾರ್ಮೋನ್ ಅಥವಾ ಆ ಬಾಯಿಗೆ ಹೊಲಿಗೆ ಹಾಕುವ ಬಗ್ಗೆ ಯೋಚಿಸುತ್ತಾರೆ. ಕಿಡ್ನಿ ಎರಡೂ ಇದೆಯಾ ಅಂತಲೂ ನೋಡಿಸಿ, ಇಂಥವರಲ್ಲಿ ಕೆಲವರಿಗೆ ಒಂದೇ ಇರುತ್ತದೆ.

ಪುಟ್ಟಿ ಅಮ್ಮ:
ನನ್ನದೂ ಇದೇ, ಮಗಳಿಗೆ ಈಗ 4 ವರ್ಷ. ಹೊಟ್ಟೆ ಒಂದೇ ಕಡೆ ಉಬ್ಬಿತ್ತು, ಸೀಮಂತದ ಫೋಟೋದಲ್ಲಿ ಸೀರೆ ನೆರಿಗೆಯೆಲ್ಲ ಎಡಕ್ಕೆ ವಾಲಿದೆ. ಅವಳ ತಲೆ ಯಾವಾಗಲೂ ನನ್ನ ಪಕ್ಕೆಲುಬಿನ ಕೆಳಗೆ ಗಟ್ಟಿ ಚೆಂಡಿನ ಹಾಗೆ ಕೈಗೆ ಸಿಗುತ್ತಿತ್ತು, ಕೊನೆವರೆಗೂ ತಿರುಗಲಿಲ್ಲ, ತಿರುಗೋಕೆ ಜಾಗ ಬೇಕಲ್ವಾ. 33ನೇ ವಾರದಲ್ಲಿ ಬಿಟ್ಟು ಬಿಟ್ಟು ಸೊಂಟ ಹಿಡಿಯಿತು. ಗ್ಯಾಸ್ ಇರಬೇಕು ಅಂತ ಓಮದ ನೀರು ಕುಡಿದು ಅರ್ಧ ದಿನ ಕಳೆದೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಆಸ್ಪತ್ರೆಯಲ್ಲಿ ಮಗುವಿನ ಶ್ವಾಸಕೋಶ ಬಲಿಯಲಿ ಅಂತ 24 ಗಂಟೆ ಅಂತರದಲ್ಲಿ ಎರಡು ಇಂಜೆಕ್ಷನ್ ಕೊಟ್ಟರು. 35ನೇ ವಾರಕ್ಕೆ ಸಿಸೇರಿಯನ್, 2 ಕೆಜಿ 100 ಗ್ರಾಂ, ಒಂಬತ್ತು ದಿನ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಅಂದರೆ ಎನ್‌ಐಸಿಯು. ಹೆರಿಗೆಗೆ ತವರಿಗೆ ಹೋಗುವ ಹಾಗಿದ್ದರೆ ಅಲ್ಲಿ ಎನ್‌ಐಸಿಯು ಇದೆಯಾ ಅಂತ ಈಗಲೇ ವಿಚಾರಿಸಿ.

ಶಿವಮೊಗ್ಗ ಅಕ್ಕ:
ನನ್ನ ತಂಗಿಗೆ ಒಂದೇ ಕೊಂಬು ಪೂರ್ತಿ ಬೆಳೆದಿತ್ತು, ಇನ್ನೊಂದು ಪುಟ್ಟದು, ಮುಚ್ಚಿಕೊಂಡಿತ್ತು. ಮಗು ಆ ಪುಟ್ಟದರಲ್ಲೇ ನಿಂತಿತ್ತು. ಬೆಳೆದರೆ ಒಡೆದು ತಾಯಿ ಜೀವಕ್ಕೇ ಅಪಾಯ ಅಂತ 8ನೇ ವಾರದಲ್ಲೇ ಆಪರೇಷನ್ ಮಾಡಿದರು. ತುಂಬಾ ಅತ್ತಳು. ಆಮೇಲೆ ಒಳ್ಳೆ ಕಡೆ ನಿಂತು ಮಗ ಹುಟ್ಟಿದ. ನಿಮ್ಮದು ಬೇರೆ ಥರ, ಹೆದರಬೇಡಿ. ಆದರೂ ಮಗು ಕೂತಿರುವ ಕಡೆ ಗರ್ಭಕೋಶದ ಬಾಯಿಗೆ ಸರಿಯಾಗಿ ಕೂಡಿದೆಯಾ ಅಂತ ಒಂದು ಮಾತು ಕೇಳಿಬಿಡಿ.

ಹಾಸನದವಳು:
ಎಲ್ಲವನ್ನೂ ತಾಯಿ ಕಾರ್ಡಿನ ಹಿಂದೆ ಬರೆದುಕೊಂಡೆ. ಸಿಸ್ಟರ್ ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ, ಅವರು ಏನೂ ಮಾತಾಡಲಿಲ್ಲ, ಸ್ವಲ್ಪ ಹೊತ್ತಾದ ಮೇಲೆ ಹಾಲು ಬಿಸಿ ಮಾಡಿ ತಂದುಕೊಟ್ಟರು. ನಮ್ಮ ತವರು ಸಕಲೇಶಪುರದಾಚೆ ಒಂದು ಹಳ್ಳಿ. ಹೆರಿಗೆ ಇಲ್ಲೇ ಆಗಲಿ ಅಂತ ಅಮ್ಮನಿಗೆ ಫೋನ್ ಮಾಡಿದೆ. ಏಳನೇ ತಿಂಗಳಿಗೆ ತಾನೇ ಇಲ್ಲಿಗೆ ಬರುತ್ತಾಳಂತೆ.