ಐಇಪಿ ಮೀಟಿಂಗಿಗೆ ಆಯಮ್ಮಂದಿರನ್ನು ಕರೆಯಬೇಕಾ?

ಪ್ರಶ್ನೆ (ವಿಶೇಷ ಶಿಕ್ಷಕಿ, ಹಾಸನ ಜಿಲ್ಲೆ):

ನಮಸ್ತೆ ಮೇಡಂ. ಖಾಸಗಿ ಪ್ರಾಥಮಿಕ ಶಾಲೆಯೊಂದರಲ್ಲಿ ಸ್ಪೆಷಲ್ ಎಜುಕೇಟರ್ ಆಗಿದ್ದೀನಿ. ವಿಶೇಷ ಅಗತ್ಯವುಳ್ಳ 9 ಮಕ್ಕಳಿದ್ದಾರೆ, ನನ್ನ ಜೊತೆ ಇಬ್ಬರು ಆಯಮ್ಮಂದಿರು. ವರ್ಷದ ಶುರುವಿನಲ್ಲಿ ಒಂದೊಂದು ಮಗುವಿಗೂ ವೈಯಕ್ತಿಕ ಶಿಕ್ಷಣ ಯೋಜನೆ, ಅಂದರೆ ಐಇಪಿ, ಬರೀತೀವಿ. ಮೀಟಿಂಗಿಗೆ ತಂದೆ ತಾಯಿ, ಕ್ಲಾಸ್ ಟೀಚರ್ ಮತ್ತು ನಾನು ಕೂರ್ತೀವಿ, ಥೆರಪಿಸ್ಟ್ ಸಿಕ್ಕರೆ ಅವರೂ ಬರ್ತಾರೆ. ಈ ಸಲ ಆಯಮ್ಮಂದಿರನ್ನೂ ಕರೆಯೋಣ ಅಂದೆ. "ಎಂಟನೇ ಕ್ಲಾಸ್ ಓದಿರೋರು, ಅವರಿಗೇನು ಅರ್ಥ ಆಗುತ್ತೆ" ಅಂದರು ಎಚ್‌ಎಂ. ಆಯಮ್ಮಂದಿರೂ "ನಾವ್ಯಾಕೆ ಮೇಡಂ" ಅಂತಾರೆ. ಕರೆಯೋದು ಸರಿಯಾ? ಕರೆದರೆ ಹೇಗೆ ನಡೆಸಲಿ?

ಉತ್ತರ (ವಿಶೇಷ ಶಿಕ್ಷಣ ತರಬೇತುದಾರರು, ಮೈಸೂರು):

ಖಂಡಿತ ಕರೆಯಿರಿ. ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೀವು ಆ ಲೆಕ್ಕದೊಳಗೇ ಇದ್ದೀರಿ. ಆದರೂ 9 ಮಕ್ಕಳ ಊಟ, ಟಾಯ್ಲೆಟ್, ವ್ಯಾನ್ ಹತ್ತಿ ಇಳಿಯೋದು, ಇವನ್ನೆಲ್ಲ ನೀವೊಬ್ಬರೇ ನೋಡೋಕಾಗುತ್ತಾ? ಆ ಹೊತ್ತಿನಲ್ಲಿ ಮಗುವಿನ ಪಕ್ಕ ಇರೋದು ಆಯಮ್ಮ. ಅವರಿಗೆ ಗೊತ್ತಿರೋದನ್ನು ಬಿಟ್ಟು ಬರೆದ ಯೋಜನೆ ಫೈಲಿನಲ್ಲಿ ಮಾತ್ರ ಚೆನ್ನಾಗಿರುತ್ತೆ.

ನಾನು ತರಬೇತಿಗೆ ಹೋಗಿದ್ದ ಒಂದು ಶಾಲೆಯಲ್ಲಿ ಆಟಿಸಂ ಇರುವ ಹುಡುಗನೊಬ್ಬನಿದ್ದ, ಇನ್ನೂ ಮಾತು ಬಂದಿರಲಿಲ್ಲ. "ಬೇಕಾದ್ದನ್ನು ಚಿತ್ರದ ಕಾರ್ಡ್ ಕೊಟ್ಟು ಕೇಳಬೇಕು" ಅನ್ನೋದು ಅವನ ಐಇಪಿಯಲ್ಲಿದ್ದ ಗುರಿ. ಇಡೀ ಟರ್ಮ್ ಕಳೆದರೂ ಅವನು ಕಾರ್ಡ್ ಮುಟ್ಟಿರಲಿಲ್ಲ. ಗಮನಿಸಿದರೆ, ಅವನಿಗೆ ಬಾಯಾರುವ ಮುಂಚೆಯೇ ಆಯಮ್ಮ ಬಾಟಲಿ ತೆಗೆದು ಕೈಗೆ ಕೊಡುತ್ತಿದ್ದರು. ಅದು ಅವರ ಅಕ್ಕರೆ. ಇಂಥದ್ದೊಂದು ಗುರಿ ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಕೂರಿಸಿ ಕೇಳಿದಾಗ ಅವರೇ ಅಂದರು: "ಅವನು ಕೇಳ್ತಾನಲ್ಲ ಮೇಡಂ. ನನ್ನ ಸೆರಗು ಎಳೆದು ಬ್ಯಾಗಿನ ಕಡೆ ನೋಡ್ತಾನೆ." ಕೇಳೋದು ಅವನಿಗೆ ಆಗಲೇ ಗೊತ್ತಿತ್ತು! ಅಲ್ಲಿಂದಲೇ ಯೋಜನೆ ತಿದ್ದಿದೆವು. ಬಾಟಲಿ ಕಪಾಟಿನ ಮೇಲೆ, ಕಾರ್ಡ್ ಅವನ ಕೈಗೆಟುಕುವಷ್ಟು ಹತ್ತಿರ. ಸೆರಗು ಎಳೆದರೆ ಮನಸ್ಸಿನಲ್ಲೇ ಐದು ಎಣಿಸೋದು, ಆಮೇಲೂ ಕಾರ್ಡ್ ತೆಗೆದುಕೊಳ್ಳದಿದ್ದರೆ ಮೆಲ್ಲಗೆ ಕೈ ಹಿಡಿದು ತೆಗೆಸೋದು. ಕೆಲವು ದಿನ ಕಳೆದ ಮೇಲೆ ಬರೀ ಬೆರಳು ತೋರಿಸೋದು. ಅಷ್ಟನ್ನೂ ಮಾಡಿದ್ದು ಆಯಮ್ಮನೇ.

ನಡೆಸುವ ರೀತಿ ಮುಖ್ಯ. ಶಾಲೆ ಬಿಟ್ಟ ಮೇಲೆ ಮೀಟಿಂಗ್ ಇಡಬೇಡಿ, ಅವರಿಗೆ ಬಸ್ಸು ತಪ್ಪುತ್ತೆ, ಆ ಹೊತ್ತಿಗೆ ಸಂಬಳವೂ ಇಲ್ಲ. ಒಬ್ಬರು ಬಂದಾಗ ಇನ್ನೊಬ್ಬರು ಮಕ್ಕಳನ್ನು ನೋಡಿಕೊಳ್ಳಲಿ. ಎಲ್ಲರ ಮುಂದೆ ನೇರವಾಗಿ "ನಿಮ್ಮ ಅಭಿಪ್ರಾಯ ಹೇಳಿ" ಅಂದರೆ ಎಚ್‌ಎಂ ಎದುರು ಯಾರೂ ಬಾಯಿ ಬಿಡಲ್ಲ. ಹಿಂದಿನ ದಿನವೇ ಒಂದು ಹತ್ತು ನಿಮಿಷ ಪಕ್ಕದಲ್ಲಿ ಕೂತು ಕೇಳಿ: ಮಗು ತಾನೇ ಏನೇನು ಮಾಡಿಕೊಳ್ಳುತ್ತೆ, ನೀವು ಎಲ್ಲಿ ಕೈ ಹಚ್ಚಬೇಕಾಗುತ್ತೆ, ಯಾವ ಹೊತ್ತಿಗೆ ರಗಳೆ ಜಾಸ್ತಿ. ಮೀಟಿಂಗನ್ನು ಅವರ ಮಾತಿನಿಂದಲೇ ಶುರು ಮಾಡಿ. ಗುರಿಗಳನ್ನು ಸರಳ ಕನ್ನಡದಲ್ಲಿ ಒಂದೊಂದು ಸಾಲು ಬರೆದು ಕಪಾಟಿನ ಬಾಗಿಲ ಒಳಗಡೆ ಅಂಟಿಸಿ. ಗೋಡೆಗೆ ಬೇಡ, ಮಗುವಿನ ವಿಷಯ ಬಂದು ಹೋಗುವವರೆಲ್ಲ ಓದಬಾರದು. ದಿನದ ದಾಖಲೆಗೆ ಮೂರೇ ಕಾಲಂ ಸಾಕು: ತಾನೇ ಮಾಡಿದ, ತೋರಿಸಿದ ಮೇಲೆ ಮಾಡಿದ, ಕೈ ಹಿಡಿದು ಮಾಡಿಸಿದೆ. ಬರೆಯಲು ಕಷ್ಟವಾದರೆ ಮೂರು ಬಣ್ಣದ ಸ್ಟಿಕ್ಕರ್ ಕೊಡಿ. ವಾರಕ್ಕೊಮ್ಮೆ ಅದನ್ನು ಅವರ ಜೊತೆಯಲ್ಲೇ ನೋಡಿ.

ಎಚ್‌ಎಂ ಅವರಿಗೆ ಕಾನೂನಿನ ಮಾತು ಬೇಕಾದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ತೋರಿಸಿ. ವಿಕಲಚೇತನ ವಿದ್ಯಾರ್ಥಿಗಳ ಭಾಗವಹಿಸುವಿಕೆ, ಪ್ರಗತಿ ಎರಡನ್ನೂ ಗಮನಿಸಬೇಕು ಅನ್ನುತ್ತೆ 16ನೇ ಸೆಕ್ಷನ್. ಶಿಕ್ಷಕರಷ್ಟೇ ಅಲ್ಲ, ಸಿಬ್ಬಂದಿಗೂ ತರಬೇತಿ ಕೊಡುವ ಮಾತು 17ರಲ್ಲಿದೆ.

ಒಂದು ಎಚ್ಚರಿಕೆ. ಕರೆದೆವು ಅಂತ ಎಲ್ಲ ಭಾರವನ್ನೂ ಅವರ ತಲೆಗೆ ಕಟ್ಟಬಾರದು. ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರೋದು ನಿಮಗೆ, ಗುರಿ ಬದಲಿಸುವ ಹೊಣೆಯೂ ನಿಮ್ಮದೇ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಸ್ನಾಯುಗಳ ಹಿಡಿತ ಸರಿಯಿಲ್ಲದ ಸ್ಥಿತಿ) ಇರುವ ಮಗುವಿಗೆ ತಲೆ ಹಿಂದಕ್ಕೆ ವಾಲಿಸಿ ತಿನ್ನಿಸಿದರೆ ಅನ್ನ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಇಂಥದ್ದನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಥೆರಪಿಸ್ಟ್ ಕೈಯಲ್ಲೇ ಆಯಮ್ಮನಿಗೆ ಮಾಡಿ ತೋರಿಸಿಸಿ.

ಪ್ರತಿಕ್ರಿಯೆ (ಶಾಲಾ ಸಹಾಯಕಿ, ಬೆಂಗಳೂರು):

ನಾನೂ ಇದೇ ಕೆಲಸ ಮಾಡೋಳು ಮೇಡಂ. ಕೇಳಿದ್ರೆ ಹೇಳ್ತೀವಿ. ಆದ್ರೆ ಒಂದ್ಸಲ ಮಗು ಕಚ್ತು ಅಂತ ಹೇಳಿದ್ದಕ್ಕೆ "ನೀನೇನು ಮಾಡ್ದೆ" ಅಂತ ನನ್ನನ್ನೇ ಬೈದ್ರು. ಆಮೇಲೆ ಏನೂ ಹೇಳೋಕೆ ಹೋಗಿಲ್ಲ.

ಉತ್ತರ:

ಅಕ್ಕಾ, ನೀವು ಹೇಳಿದ್ದು ಸರಿ ಇತ್ತು, ಕೇಳಿದವರ ರೀತಿ ಸರಿ ಇರಲಿಲ್ಲ. ಕಚ್ಚೋ ಮುಂಚೆ ಏನಾಯ್ತು, ಎಲ್ಲಿ, ಎಷ್ಟು ಹೊತ್ತಿಗೆ, ಕಚ್ಚಿದ ಮೇಲೆ ಮಗುವಿಗೆ ಏನು ಸಿಕ್ತು, ಇಷ್ಟು ಗೊತ್ತಾದರೆ ಮಗು ಯಾಕೆ ಕಚ್ಚುತ್ತೆ ಅನ್ನೋದರ ಸುಳಿವು ಸಿಗುತ್ತೆ. ಅದನ್ನು ಕಣ್ಣಾರೆ ಕಂಡವರು ನೀವು. ಶಿಕ್ಷಕರಲ್ಲಿ ನನ್ನ ಕೋರಿಕೆ: "ನೀನೇನು ಮಾಡ್ದೆ" ಅನ್ನೋ ಪ್ರಶ್ನೆ ಬಿಟ್ಟು "ಅದಕ್ಕೆ ಮುಂಚೆ ಏನಾಯ್ತು" ಅಂತ ಕೇಳಿ. ಬೈಸಿಕೊಂಡವರು ಇನ್ನೊಂದು ಸಲ ಹೇಳಲ್ಲ, ನಷ್ಟ ಮಗುವಿಗೆ.

ಪ್ರಶ್ನೆ (ಪೋಷಕರು, ಮಂಗಳೂರು):

ಮಗಳಿಗೆ ನಾವೇ ಸಂಬಳ ಕೊಟ್ಟು ಶ್ಯಾಡೋ ಟೀಚರ್, ಅಂದರೆ ಕ್ಲಾಸಿನಲ್ಲಿ ಅವಳ ಪಕ್ಕ ಕೂತು ಸಹಾಯ ಮಾಡೋರನ್ನು, ಇಟ್ಟಿದ್ದೀವಿ. ಶಾಲೆಯವರು ಅವರನ್ನು ಮೀಟಿಂಗಿಗೆ ಸೇರಿಸಲ್ಲ. ಏನು ಮಾಡೋದು?

ಉತ್ತರ:

ಅವರನ್ನೂ ಸೇರಿಸಿ ಅಂತ ಶಾಲೆಗೆ ಲಿಖಿತವಾಗಿ ಕೇಳಿ. ಮಗಳ ವರದಿಗಳನ್ನು ಅವರ ಜೊತೆ ಹಂಚಿಕೊಳ್ಳಲು ನಿಮ್ಮ ಒಪ್ಪಿಗೆ ಇದೆ ಅಂತಲೂ ಅದರಲ್ಲೇ ಬರೆಯಿರಿ. ಶ್ಯಾಡೋ ಟೀಚರ್ ಯಾವಾಗ, ಹೇಗೆ ಹಿಂದೆ ಸರಿಯಬೇಕು ಅನ್ನೋದೂ ಯೋಜನೆಯಲ್ಲಿರಲಿ. ದಿನವಿಡೀ ಪಕ್ಕದಲ್ಲೇ ದೊಡ್ಡವರು ಕೂತರೆ ಬೇರೆ ಮಕ್ಕಳು ನಿಮ್ಮ ಮಗಳ ಹತ್ತಿರ ಬರಲ್ಲ, ಟೀಚರ್ ಕೂಡ ಅವಳನ್ನು ಪ್ರಶ್ನೆ ಕೇಳೋದು ಬಿಡ್ತಾರೆ. ಯಾವ ಪೀರಿಯಡ್‌ನಲ್ಲಿ ಒಂದು ಬೆಂಚು ಹಿಂದೆ ಕೂರಬಹುದು ಅಂತ ಶ್ಯಾಡೋ ಟೀಚರನ್ನೇ ಕೇಳಿ. ಡ್ರಾಯಿಂಗ್ ಕ್ಲಾಸಿನಿಂದ ಶುರು ಮಾಡೋದು ಸುಲಭ.