ಅಲೋಶಿಯಸ್ ಚಾಪೆಲ್‌ನ ಚಿತ್ರಗಳು: ಎಲ್ಲವೂ ಫ್ರೆಸ್ಕೊವೇ?

ಕರಾವಳಿಗ:
ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಚಿತ್ರಗಳೆಲ್ಲ ಫ್ರೆಸ್ಕೊ ಅಂತ ಬರೆಯುವವರೇ ಹೆಚ್ಚು. ಚಾವಣಿಯದು ಕ್ಯಾನ್ವಾಸ್ ಎನ್ನುವವರೂ ಇದ್ದಾರೆ. ಯಾವುದು ಸರಿ? ಹಾಗೇ ಇನ್ನೊಂದು: ಹಳೇ ಇಗರ್ಜಿಗಳಲ್ಲಿ (ಚರ್ಚುಗಳಲ್ಲಿ) ಗೋಡೆಯ ಬುಡದ ಗಾರೆ ಪುಡಿಯಾಗಿ ಉದುರುತ್ತದಲ್ಲ, ಅಲ್ಲಿಗೆ ಸಿಮೆಂಟ್ ಬಳಿದರೆ ನಿಲ್ಲುತ್ತದೆಯೇ?

ಬಣ್ಣಗಾರ:
ಎರಡೂ ಇವೆ. ಕಟ್ಟಡ 1880ರ ದಶಕದ್ದು. ಚಿತ್ರಗಳು ಆಮೇಲಿನವು: ಬೆರ್ಗಾಮೊ ಹತ್ತಿರದ ಸ್ತೆಜ್ಜಾನೊದಲ್ಲಿ 1854ರಲ್ಲಿ ಹುಟ್ಟಿದ ಜೆಸುಯಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ 1899–1901ರ ಸುಮಾರಿಗೆ ಬರೆದದ್ದು. ಗೋಡೆಯವು ಫ್ರೆಸ್ಕೊ, ಚಾವಣಿಯವು ಕ್ಯಾನ್ವಾಸ್ ಮೇಲಿನ ತೈಲವರ್ಣ.

ಫ್ರೆಸ್ಕೊಗೆ ಅಂಟು ಬೇಡ. ನೀರಲ್ಲಿ ಕಲಸಿದ ಬಣ್ಣವನ್ನು ಹಸಿ ಸುಣ್ಣದ ಗಾರೆಯ ಮೇಲೆ ಹಚ್ಚುತ್ತಾರೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಲ್ಲಾಗುವಾಗ ಬಣ್ಣದ ಕಣಗಳನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಅದಕ್ಕೇ ಆ ದಿನ ಮುಗಿಸಲಾಗುವಷ್ಟೇ ಜಾಗಕ್ಕೆ ಕೊನೆಯ ಪದರ ಹಚ್ಚಬೇಕು. ಉಳಿದು ಒಣಗಿದ್ದನ್ನು ಅಂಚಿನಲ್ಲಿ ಓರೆಯಾಗಿ ಕೊಯ್ದು ತೆಗೆದು, ಮರುದಿನ ಅಲ್ಲಿಂದ ಹೊಸ ಗಾರೆ. ಗೋಡೆಗೆ ಒತ್ತಿಬರುವ ಓರೆ ಬೆಳಕಿನಲ್ಲಿ ಈ ಬೆಸುಗೆಗೆರೆಗಳು ಕಾಣುತ್ತವೆ. ಫ್ರೆಸ್ಕೊ ಗುರುತಿಸಲು ಇದಕ್ಕಿಂತ ನಂಬಿಕಸ್ಥ ಗುರುತಿಲ್ಲ. ಒಣಗಿದ ಮೇಲೆ ತಿದ್ದಿದ ಬಣ್ಣ ಮೇಲ್ಮೈಯಲ್ಲಷ್ಟೇ ಕೂತಿರುತ್ತದೆ, ಮೊದಲು ಉದುರುವುದೂ ಅದೇ.

ಹಂಚಿನ ಮಾಡು:
ಚಾವಣಿಯ ಬಗ್ಗೆ ಸೇರಿಸುತ್ತೇನೆ. ನಡುವಿನ ಸಾಲಿನಲ್ಲಿರುವುದು ಅಲೋಶಿಯಸ್ ಗೊನ್ಜಾಗಾನ ಬದುಕು. ರೋಮಿನಲ್ಲಿ ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತ ಸೋಂಕು ತಗುಲಿ 1591ರಲ್ಲಿ, 23ನೇ ವಯಸ್ಸಿನಲ್ಲಿ ತೀರಿಕೊಂಡವನು. ಆ ಚಿತ್ರದ ಮುಂದೆ ಕತ್ತೆತ್ತಿ ಒಂದಿಷ್ಟು ಹೊತ್ತು ನಿಲ್ಲಲೇಬೇಕು.

ಇಂಥ ಚಿತ್ರಕ್ಕೆ ದೊಡ್ಡ ಶತ್ರು ಮೇಲಿನ ಮಾಡು. ಹಂಚೊಂದು ಜರುಗಿದರೆ ಸಾಕು, ನೀರು ಹಂಚಿನಡಿಯ ಮರದ ರೀಪು ಪಕ್ಕಾಸು ಹಿಡಿದು ಬಂದು ಕ್ಯಾನ್ವಾಸಿನ ಬೆನ್ನಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ಬಟ್ಟೆ ತೇವ ಹೀರಿ ಆಕಾರ ಬದಲಿಸುತ್ತದೆ, ಬೇಸಿಗೆಯಲ್ಲಿ ಮತ್ತೆ ಬಿಗಿಯುತ್ತದೆ. ಗಡುಸಾದ ಹಳೇ ತೈಲವರ್ಣ ಇದಕ್ಕೆ ಬಗ್ಗದೆ ಬಿರಿದು ಚಕ್ಕೆ ಏಳುತ್ತದೆ. ಜೊತೆಗೆ ಬೂಷ್ಟು, ಗೆದ್ದಲು. ಇಲ್ಲಿನ ಚಿತ್ರಗಳ ಸಂರಕ್ಷಣೆಯನ್ನು 1990ರ ದಶಕದಲ್ಲಿ ಇನ್‌ಟ್ಯಾಕ್ (ಕಲೆ, ಪರಂಪರೆ ಉಳಿಸುವ ರಾಷ್ಟ್ರೀಯ ಸಂಸ್ಥೆ) ತಜ್ಞರು ಮಾಡಿದ್ದಾರೆ. ಹಾಗಾಗಿ ಹಂಚು ಕೈಯಾಡಿಸುವ ಕೆಲಸ ಮಳೆಗೆ ಮೊದಲೇ, ಮೇ ತಿಂಗಳೊಳಗೆ ಮುಗಿಯಬೇಕು.

ಗಾರೆ ಕೆಲಸ:
ಸಿಮೆಂಟ್ ಬೇಡವೇ ಬೇಡ. ಇಲ್ಲಿನ ಗೋಡೆಗಳ ಮುರಕಲ್ಲು (ಜಂಬಿಟ್ಟಿಗೆ) ನೆಲದ ತೇವವನ್ನು ಮೇಲಕ್ಕೆ ಎಳೆಯುತ್ತದೆ. ನೀರು ಗಾರೆಯ ಹೊರಮೈಯಿಂದ ಆರಿ ಹೋಗುವಾಗ ಅದರಲ್ಲಿದ್ದ ಉಪ್ಪು ರಂಧ್ರಗಳಲ್ಲಿ ಹರಳುಗಟ್ಟಿ ಗಾರೆಯನ್ನು ಒಡೆಯುತ್ತದೆ. ನೀವು ಹೇಳುವ ಪುಡಿ ಅದೇ. ಸಿಮೆಂಟ್ ಬಳಿದರೆ ತೇವಕ್ಕೆ ಹೊರದಾರಿ ಮುಚ್ಚಿ, ಇನ್ನೂ ಮೇಲೇರಿ ಚಿತ್ರವಿರುವ ಮಟ್ಟಕ್ಕೇ ಬರುತ್ತದೆ.

ಮೊದಲು ಹೊರಗಿನ ಚರಂಡಿ ಸರಿಮಾಡಿ, ಗೋಡೆಗೆ ತಾಗಿದ ಮಣ್ಣನ್ನು ಒಳನೆಲಕ್ಕಿಂತ ತಗ್ಗಿಸಿ. ಚಿತ್ರವಿಲ್ಲದ ಬುಡದಲ್ಲಿ ಸಡಿಲ ಗಾರೆ ಕೆರೆದು, ಉಪ್ಪನ್ನು ಒಣ ಬ್ರಷ್‌ನಿಂದ ತೆಗೆಯಿರಿ; ತೊಳೆದರೆ ಮತ್ತೆ ಒಳಗಿಳಿಯುತ್ತದೆ. ಗೋಡೆ ಆರಿದ ಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಸಿಹಿನೀರಿನ ಹೊಳೆ ಮರಳು. ಸಮುದ್ರದ ಮರಳು ಹಾಕಿದರೆ ಉಪ್ಪನ್ನು ನೀವೇ ತುಂಬಿದಂತೆ. ಚಿತ್ರವಿರುವ ಭಾಗವನ್ನು ಮಾತ್ರ ಸಂರಕ್ಷಣಾ ತಜ್ಞರಿಗೇ ಬಿಡಿ, ಒದ್ದೆ ಬಟ್ಟೆಯಿಂದ ಒರೆಸುವುದೂ ಬೇಡ.